ಸೈಕಲ್ ಸವಾರಿಗೆ ಸಲೀಸು ದಾರಿ ಯಾವುದು?

ಡಾಂಬರು ರಸ್ತೆ ಬಿಟ್ಟು ನಾಲೆ ಏರಿ, ಕೆರೆ ಏರಿ, ಬಂಡಿದಾರಿಗಳಲ್ಲಿ ಸ್ನೇಹಿತರೊಡನೆ ಶನಿವಾರ, ಭಾನುವಾರ ಸೈಕಲ್ ಸವಾರಿ ಹೊರಡಬೇಕೆಂಬ ಆಸೆ ನಿಮಗೂ ಇರಬಹುದು. ಖರ್ಚು ಕಡಿಮೆ, ದೇಹಕ್ಕೂ ಹಿತ. ಆದರೆ ದಾರಿಯ ಆಯ್ಕೆಯಲ್ಲಿ ಎಡವಿದರೆ ಸಂತೋಷಕ್ಕೆಂದು ಹೊರಟ ಪಯಣವೇ ಸಂಕಟವಾಗುತ್ತದೆ. ಸುಲಭದ ದಾರಿ ಎಂದರೆ ಕಡಿಮೆ ದೂರದ ದಾರಿ ಎಂದು ಹಲವರ ಎಣಿಕೆ. ವಾಸ್ತವವಾಗಿ, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವರು ಹಗಲಿನಲ್ಲೇ ಮುಗಿಸಬಲ್ಲ, ಸಾಕೆನಿಸಿದರೆ ನಡುವೆಯೇ ಬಿಟ್ಟು ಬರಬಲ್ಲ ದಾರಿಯೇ ಸುಲಭದ ದಾರಿ.

ಏರಿಳಿತ ಮೊದಲು ನೋಡಿ

ಮಂಡ್ಯ ಜಿಲ್ಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕನ್ನಂಬಾಡಿ ಕಟ್ಟೆಯ ಎಡದಂಡೆಯಿಂದ ವಿಶ್ವೇಶ್ವರಯ್ಯ ನಾಲೆ ಹೊರಡುತ್ತದೆ. ಇದಕ್ಕೆ ಮೊದಲು ಇರ್ವಿನ್ ನಾಲೆ ಎಂಬ ಹೆಸರಿತ್ತು. ಶ್ರೀರಂಗಪಟ್ಟಣದ ಸುತ್ತ ಅದಕ್ಕಿಂತ ಎಷ್ಟೋ ಹಳೆಯದಾದ ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆಗಳಿವೆ. ನೀರು ತಾನಾಗಿಯೇ ಹರಿಯಲೆಂದು ನಾಲೆಗಳನ್ನು ಅತಿ ಕಡಿಮೆ ಇಳಿಜಾರಿನಲ್ಲಿ, ಗುಡ್ಡಗಳನ್ನು ಬಳಸಿಕೊಂಡು ತೋಡಿರುತ್ತಾರೆ. ಆದ್ದರಿಂದ ಏರಿಯ ಮೇಲಿನ ದಾರಿಯೂ ಬಹುಮಟ್ಟಿಗೆ ಸಮತಟ್ಟು. ಬಳಸುದಾರಿಯಾದ್ದರಿಂದ ದೂರ ಹೆಚ್ಚು, ಆದರೆ ಕಾಲಿಗೆ ಶ್ರಮ ಕಡಿಮೆ.

ಇದಕ್ಕೆ ಅಪವಾದವೂ ಉಂಟು. ಹುಲಿಕೆರೆಯ ಬಳಿ ಇದೇ ವಿಶ್ವೇಶ್ವರಯ್ಯ ನಾಲೆ ಸುರಂಗದಲ್ಲಿ ಸಾಗುತ್ತದೆ. ಅಂಥ ಕಡೆ ನಾಲೆಯನ್ನು ಬಿಟ್ಟು ಊರದಾರಿ ಹಿಡಿಯಬೇಕು. ಮೇಲುಕೋಟೆಯದು ಇನ್ನೊಂದು ಬಗೆ. ಪಾಂಡವಪುರದಿಂದ ದೂರ ಹೆಚ್ಚಿಲ್ಲ. ಆದರೆ ದಣಿದ ಮೇಲೆ ಕೊನೆಯಲ್ಲಿ ಬೆಟ್ಟ ಹತ್ತಬೇಕು.

ಇದನ್ನು ಮನೆಯಲ್ಲೇ ಕುಳಿತು ತಿಳಿಯಬಹುದು. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕಾಶೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ಅದರಲ್ಲಿ ಸಾಮಾನ್ಯವಾಗಿ 20 ಮೀಟರಿಗೊಂದರಂತೆ ಇರುತ್ತವೆ. ಒಂದು ಕಿ.ಮೀ. ಒಳಗೆ ನಿಮ್ಮ ದಾರಿ ಒಂದೇ ಗೆರೆ ದಾಟಿದರೆ ಏರು ಸೌಮ್ಯ. ಎರಡು ಮೂರು ಗೆರೆ ದಾಟಿದರೆ ಮಣ್ಣಿನ ದಾರಿಯಲ್ಲಿ ಹೊಸಬರು ಇಳಿದು ತಳ್ಳಬೇಕಾದೀತು.

ನೆಲ ಎಂಥದು?

ಮರಳು ಬೆರೆತ ಕೆಂಪು ಮಣ್ಣು ಮಳೆ ನಿಂತ ಮೇಲೆ ಬೇಗ ಒಣಗುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ಹಾಗಲ್ಲ. ಒದ್ದೆಯಾದರೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ ಮುಂದಕ್ಕೇ ಹೋಗದು. ಅಲ್ಲಿ ಮಳೆಗಾಲದ ಸವಾರಿ ಬೇಡ. ಜಾಲಿ ಬೇಲಿಯಿರುವ ದಾರಿಯಲ್ಲಿ ಮುಳ್ಳಿನ ಕಾಟ ಇದ್ದೇ ಇದೆ. ತಲೆಗೊಂದು ಟ್ಯೂಬು, ಗುಂಪಿಗೊಂದು ಪಂಪು, ಪಂಕ್ಚರ್ ಸಾಮಾನು ಇರಲಿ.

ದೂರದ ಲೆಕ್ಕ

ಮಣ್ಣುದಾರಿಯಲ್ಲಿ ಹೊಸಬರ ವೇಗ ಗಂಟೆಗೆ 10 ಕಿ.ಮೀ. ಎಂದಿಟ್ಟುಕೊಳ್ಳಿ. 45 ಕಿ.ಮೀ. ತುಳಿಯಲು ನಾಲ್ಕೂವರೆ ಗಂಟೆ. ತಿಂಡಿ, ವಿಶ್ರಾಂತಿ, ಪಂಕ್ಚರ್ ಸೇರಿ ಅದರ ಒಂದೂವರೆ ಪಟ್ಟು, ಅಂದರೆ ಸುಮಾರು ಏಳು ಗಂಟೆ. ಬೆಳಿಗ್ಗೆ ಆರೂವರೆಗೆ ಹೊರಟವರು ಮಧ್ಯಾಹ್ನ ಒಂದೂವರೆಗೆ ತಲುಪುತ್ತಾರೆ. ಡಿಸೆಂಬರಿನಲ್ಲಿ ಸಂಜೆ ಆರಕ್ಕೆ ಸೂರ್ಯ ಮುಳುಗಿರುತ್ತಾನೆ ಎಂಬುದು ನೆನಪಿರಲಿ. ಮೊದಲ ದಿನ 45, ಎರಡನೆಯ ದಿನ 30 ಕಿ.ಮೀ. ಇಟ್ಟುಕೊಂಡರೆ ಸೋಮವಾರ ಕೆಲಸಕ್ಕೆ ಹೋಗಲು ತ್ರಾಣ ಉಳಿಯುತ್ತದೆ.

ಪ್ರತಿ ಎಂಟು ಹತ್ತು ಕಿ.ಮೀ.ಗೆ ನೀರು ಸಿಗುವ ಊರು ಅಥವಾ ಬಸ್ಸು ಓಡಾಡುವ ರಸ್ತೆ ಇರುವಂತೆ ದಾರಿ ಆರಿಸಿ. ಯಾರಿಗಾದರೂ ಸುಸ್ತಾದರೆ ಅಲ್ಲಿಂದ ಮರಳಬಹುದು. ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ನಿಲ್ದಾಣಗಳಿರುವುದು ಈ ದೃಷ್ಟಿಯಿಂದ ಅನುಕೂಲ. ಸೈಕಲನ್ನು ಲಗೇಜು ವ್ಯಾನಿನಲ್ಲಿ ಕಳುಹಿಸಲು ಅವಕಾಶವಿದೆಯೇ ಎಂದು ನಿಲ್ದಾಣದಲ್ಲಿ ಮುಂಚೆಯೇ ವಿಚಾರಿಸಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕು, ಆಟೋಗಳಿಗೂ ಸೈಕಲಿನಂಥ ನಿಧಾನ ವಾಹನಗಳಿಗೂ ಪ್ರವೇಶವಿಲ್ಲ.

ನೀರಿನ ಅಂಚಿನ ಎಚ್ಚರ

ಸಮತಟ್ಟಾದ ದಾರಿಯೆಲ್ಲ ಅಪಾಯವಿಲ್ಲದ ದಾರಿಯಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ಅವರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಇದ್ದರು. ನಾಲೆಯ ಪಕ್ಕ ಕಡಿದಾಗಿ, ನುಣುಪಾಗಿ ಇರುತ್ತದೆ. ಬಿದ್ದವರು ಈಜು ಬಲ್ಲವರಾದರೂ ಹತ್ತಿ ಬರುವುದು ಕಷ್ಟ. ಆದ್ದರಿಂದ ಏರಿಯ ಮೇಲೆ ಜೊತೆಜೊತೆಯಾಗಿ ಹರಟುತ್ತ ಹೋಗಬೇಡಿ. ಒಬ್ಬರ ಹಿಂದೊಬ್ಬರು, ನೀರಿಲ್ಲದ ಮಗ್ಗುಲಲ್ಲಿ ಸಾಗಿ. ಎದುರಿಗೆ ಕಬ್ಬಿನ ಗಾಡಿಯೋ ಟ್ರ್ಯಾಕ್ಟರೋ ಬಂದರೆ ಇಳಿದು ನಿಲ್ಲಿ. ಏರಿ ಕಿರಿದಾಗಿ, ತಡೆಗೋಡೆಯಿಲ್ಲದಿದ್ದರೆ ಅಷ್ಟು ದೂರ ಗದ್ದೆಬದಿಯ ಊರದಾರಿಯೇ ಲೇಸು. ಕೈಕಾಲು ತೊಳೆಯಲೆಂದು ನಾಲೆಗೆ ಇಳಿಯುವುದಂತೂ ಬೇಡವೇ ಬೇಡ.

ಕೆಲವು ಏರಿಗಳಿಗೆ ಗೇಟು ಇರುತ್ತದೆ. ಅಣೆಕಟ್ಟೆ, ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ನುಗ್ಗುವಂತಿಲ್ಲ. ಸಂಬಂಧಪಟ್ಟ ಕಚೇರಿಯಲ್ಲೂ ಊರಿನವರಲ್ಲೂ ಮೊದಲೇ ಕೇಳಿ. ಇಂದು ನಾಲೆಗೆ ನೀರು ಬಿಟ್ಟಿದ್ದಾರೆಯೇ, ಎಲ್ಲಿ ಏರಿ ಕುಸಿದಿದೆ ಎಂಬುದು ನಕಾಶೆಗಿಂತ ಅಲ್ಲಿನ ರೈತರಿಗೆ ಚೆನ್ನಾಗಿ ಗೊತ್ತು.

ಸಾಧ್ಯವಾದರೆ ಗುಂಪಿನ ಇಬ್ಬರು ಮುಂಚಿನ ವಾರವೇ ಹೋಗಿ ದಾರಿ ನೋಡಿ ಬನ್ನಿ. ಹೊರಡುವ ದಿನ ತಲೆಗೆ ಹೆಲ್ಮೆಟ್ ಇರಲಿ, ಗಂಟೆಗೆ ಅರ್ಧ ಲೀಟರಿನಂತೆ ಕುಡಿಯುವ ನೀರಿರಲಿ. ಎಲ್ಲರಿಗಿಂತ ನಿಧಾನವಾಗಿ ತುಳಿಯುವ ಗೆಳೆಯರನ್ನು ಮುಂದೆ ಬಿಟ್ಟು, ಅನುಭವಸ್ಥರೊಬ್ಬರು ಕಡೆಯಲ್ಲಿ ಬರಲಿ.