ತೆರವು ಅಂದರೆ ಯಾರದು, ಸರ್?

ಬೆಂಗಳೂರಿನ ಹೊರವರ್ತುಲ ರಸ್ತೆಯ ಐಟಿ ಕಟ್ಟಡವೊಂದರಲ್ಲಿ ಮೊನ್ನೆ ಮಾಕ್ ಡ್ರಿಲ್. ನಾನು ಏಳನೇ ಮಹಡಿಯ ಪ್ಯಾಂಟ್ರಿ ಬಾಗಿಲಲ್ಲಿ ನಿಂತಿದ್ದೆ. ಸೈರನ್ ಮೂರು ಸಲ ಕೂಗಿ ಸುಮ್ಮನಾಯಿತು. ಆಮೇಲೆ ಚಾವಣಿಯಿಂದ ಹೆಣ್ಣುದನಿ. ಇಂಗ್ಲಿಷ್, ಹಿಂದಿ ಮುಗಿದು ಕಡೆಗೆ ಕನ್ನಡ: ‘ತುರ್ತು ಪರಿಸ್ಥಿತಿ ವರದಿಯಾಗಿರುವುದರಿಂದ ಸಮೀಪದ ನಿರ್ಗಮನ ದ್ವಾರದ ಮೂಲಕ ಕಟ್ಟಡವನ್ನು ತೆರವುಗೊಳಿಸತಕ್ಕದ್ದು.’

ಲೋಟ ತೊಳೆಯುತ್ತಿದ್ದ ಅಕ್ಕ ನಲ್ಲಿ ನಿಲ್ಲಿಸಿ ಕೇಳಿದರು: ‘ಯಾರ್ದು ಸರ್ ತೆರವು? ಜೆಸಿಬಿ ಬಂದೈತಾ?’

ನಗು ಬಂತು. ಆದರೆ ಅವರ ಪ್ರಶ್ನೆಯೇ ಸರಿ. ಪತ್ರಿಕೆಯಲ್ಲಿ ತೆರವು ಅಂದರೆ ಒತ್ತುವರಿ ತೆರವು. ‘ತುರ್ತು ಪರಿಸ್ಥಿತಿ’ ಅಂದರೆ ನನ್ನ ವಯಸ್ಸಿನವರಿಗೆ 1975. ಬೆಂಕಿ ಎಂಬ ಎರಡೂವರೆ ಅಕ್ಷರ ಮಾತ್ರ ಆ ಘೋಷಣೆಯಲ್ಲಿ ಎಲ್ಲೂ ಇರಲಿಲ್ಲ.

ಡ್ರಿಲ್ ಮುಗಿದ ಮೇಲೆ ಸೇಫ್ಟಿ ಆಫೀಸರ್ ಆ ದನಿ ಹೊರಡುವ ನೆಲಮಾಳಿಗೆಗೆ ಕರೆದೊಯ್ದರು. ಆಂಪ್ಲಿಫೈಯರುಗಳ ಬೀರು, ಕರೆಂಟು ಹೋದರೆ ಕೈ ಹಿಡಿಯಲು ಬ್ಯಾಟರಿ, ಮುದ್ರಿತ ದನಿಯನ್ನು ತಡೆದು ನೇರವಾಗಿ ಮಾತಾಡಲು ಒಂದು ಕೆಂಪು ಮೈಕು. ಕಳಚಿಟ್ಟಿದ್ದ ಸ್ಪೀಕರೊಂದನ್ನು ಕೈಗಿತ್ತರು. ತಂತಿ ಸೇರುವಲ್ಲಿ ಪಿಂಗಾಣಿಯ ತುಂಡು, ಪಕ್ಕದಲ್ಲಿ ಬಿಸಿಗೆ ಕಡಿದುಹೋಗುವ ಫ್ಯೂಸ್. ಈ ಸ್ಪೀಕರ್ ಸುಟ್ಟರೂ ತಂತಿಗೆ ತಂತಿ ತಾಗಿ ಸಾಲಿನ ಮಿಕ್ಕವುಗಳ ಬಾಯಿ ಕಟ್ಟಬಾರದು, ಅದಕ್ಕೆ. ಒಂದೇ ಜಾಗದ ಸ್ಪೀಕರುಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಬೇರೆ ಸಾಲುಗಳಿಗೆ ಕೊಟ್ಟಿರುತ್ತಾರೆ; ಒಂದು ಸಾಲು ಸತ್ತರೂ ಇನ್ನೊಂದು ಮಾತಾಡುತ್ತದೆ. ಮಾತು ಎಷ್ಟು ಸ್ಪಷ್ಟ ಎಂದು ಅಳೆಯಲು 0ಯಿಂದ 1ರವರೆಗಿನ ಸೂಚ್ಯಂಕವಿದೆ, 0.5ರ ಆಸುಪಾಸು ಬಂದರೆ ಸಾಮಾನ್ಯವಾಗಿ ಪಾಸು. ‘ತೆರವುಗೊಳಿಸತಕ್ಕದ್ದು’ ಕೂಡ ಪಾಸಾಗಿಯೇ ಇರಬೇಕು. ಕಿವಿಗೆ ಬಿದ್ದದ್ದನ್ನು ಅಳೆಯುವ ಮೀಟರಿದೆ, ತಲೆಗೆ ಹೋದದ್ದಕ್ಕಿಲ್ಲ.

ಬರೀ ಗಂಟೆ ಸಾಲದೆಂದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಣ್ಣಾರೆ ಕಂಡಿದ್ದಾರೆ. 1987ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣಕ್ಕೆ ಬೆಂಕಿ ಬಿದ್ದು 31 ಜನ ಸತ್ತಾಗ ಅಲ್ಲಿನ ಧ್ವನಿವರ್ಧಕ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಗಿಲೆನ್ ಪ್ರೂ ಮತ್ತು ಜೊನಾಥನ್ ಸೈಮ್ ಎಂಬ ಸಂಶೋಧಕರು ನ್ಯೂಕ್ಯಾಸಲ್‌ನ ಮಾನ್ಯುಮೆಂಟ್ ಮೆಟ್ರೊ ನಿಲ್ದಾಣದಲ್ಲಿ ಐದು ಬಗೆಯಲ್ಲಿ ಜನರನ್ನು ಹೊರಗೆ ಕಳಿಸಿ ನೋಡಿದರು. ಗಂಟೆಯೊಂದೇ ಬಾರಿಸಿದಾಗ ಜನ ಬಹಳ ಹೊತ್ತು ಕದಲಲಿಲ್ಲ. ಏನಾಗಿದೆ, ಯಾವ ಕಡೆ ಹೋಗಬೇಕು ಎಂದು ಮೈಕಿನಲ್ಲಿ ಹೇಳಿದಾಗ ಬೇಗ ಖಾಲಿಯಾಯಿತು. ಗಾಬರಿಯಾದೀತೆಂದು ನಿಜ ಮುಚ್ಚಿಡುವುದೇಕೆ ಎಂಬುದು 1991ರ ಅವರ ಪ್ರಬಂಧದ ಜೀವಾಳ.

ಮುಚ್ಚಿಡುವ ಚಾಳಿಯೇನೋ ಹಳೆಯದು. ಲಂಡನ್ ನಿಲ್ದಾಣಗಳಲ್ಲಿ ಅಲಾರಾಂ ಆದರೆ ‘ಇನ್‌ಸ್ಪೆಕ್ಟರ್ ಸ್ಯಾಂಡ್ಸ್’ ಎಂಬವರನ್ನು ಕಂಟ್ರೋಲ್ ರೂಮಿಗೆ ಕರೆಯುತ್ತಾರೆ. ಹಾಗೊಬ್ಬ ಮನುಷ್ಯನೇ ಇಲ್ಲ. ಸಿಬ್ಬಂದಿಗೆ ಮಾತ್ರ ತಿಳಿಯುವ ಗುಟ್ಟು. ರಂಗಮಂದಿರಗಳಲ್ಲಿ ಬೆಂಕಿ ಆರಿಸಲು ಇಡುತ್ತಿದ್ದ ಮರಳಿನ ಬಕೆಟ್ಟಿನಿಂದ ಈ ಹೆಸರು ಹುಟ್ಟಿತಂತೆ. ನಮ್ಮಲ್ಲಾದರೆ ‘ಮರಳಪ್ಪನವರು ಎಲ್ಲಿದ್ದರೂ ವೇದಿಕೆಯ ಬಳಿ ಬರಬೇಕು’ ಎನ್ನುತ್ತಿದ್ದರೇನೋ. ಅಮೆರಿಕದ ಸರ್ಕಸ್ಸುಗಳಲ್ಲಿ ಗುಟ್ಟಿಗೆ ಬ್ಯಾಂಡೇ ಸಾಕಿತ್ತು. 1944ರ ಜುಲೈ 6ರಂದು ಹಾರ್ಟ್‌ಫರ್ಡ್‌ನಲ್ಲಿ ಡೇರೆಗೆ ಬೆಂಕಿ ಹತ್ತಿದ್ದು ಕಂಡೊಡನೆ ಬ್ಯಾಂಡಿನ ಮುಖ್ಯಸ್ಥ ಮೆರ್ಲ್ ಇವಾನ್ಸ್ ‘ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್ ಫಾರೆವರ್’ ನುಡಿಸಲು ಹೇಳಿದ. ಸರ್ಕಸ್ಸಿನವರಿಗೆ ಅದು ಅಪಾಯದ ಸೂಚನೆ. ಟಿಕೆಟ್ ಕೊಂಡವರಿಗೆ ಬರೀ ಹಾಡು. 160ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಎನ್ನುವ ಬದಲು ನಮ್ಮ ಆಸ್ಪತ್ರೆಗಳು ಕೂಗುವ ‘ಕೋಡ್ ರೆಡ್’ ಕೇಳಿದಾಗಲೆಲ್ಲ ನನಗೆ ಆ ಬ್ಯಾಂಡು ನೆನಪಾಗುತ್ತದೆ.

ಬಾಯಿಬಿಟ್ಟು ಹೇಳಿದ್ದೆಲ್ಲ ಒಳ್ಳೆಯದೇ ಎಂದೇನಿಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಪಕ್ಕದ ಗೋಪುರಕ್ಕೆ ಮೊದಲ ವಿಮಾನ ಬಡಿದ ಮೇಲೆ ದಕ್ಷಿಣ ಗೋಪುರದ ಸ್ಪೀಕರುಗಳು ಈ ಕಟ್ಟಡಕ್ಕೆ ಅಪಾಯವಿಲ್ಲ, ನಿಮ್ಮ ಕಚೇರಿಗಳಿಗೆ ಮರಳಬಹುದು ಎಂದಿದ್ದವು. ಕೆಲವೇ ನಿಮಿಷಗಳಲ್ಲಿ, 9.03ಕ್ಕೆ, ಎರಡನೇ ವಿಮಾನ ಅದಕ್ಕೇ ಬಡಿಯಿತು.

ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ನೆನಪಿರುವ ಬೆಂಗಳೂರಿಗೆ ಹೊಗೆ ಎಷ್ಟು ಸಮಯ ಕೊಡುತ್ತದೆಂದು ವಿವರಿಸಬೇಕಿಲ್ಲ. ಅಷ್ಟು ಸಮಯದಲ್ಲಿ ಹೇಗೆ ಹೇಳಬೇಕೆಂದು ತಿಳಿಯಲು ಜಾತ್ರೆಯ ಮೈಕಿನವನನ್ನು ನೋಡಿ: ‘ಹಸಿರು ಲಂಗದ ಮಗು ತೇರಿನ ಹತ್ರ ಅಳ್ತಾ ಐತೆ, ಬೇಗ ಬನ್ನಿ.’ ಒಂದು ಪದ ಹೆಚ್ಚಿಲ್ಲ.

ಇದನ್ನೇ ಸೇಫ್ಟಿ ಆಫೀಸರಿಗೆ ಹೇಳಿದೆ. ‘ಬೆಂಕಿ ಬಿದ್ದಿದೆ. ಮೆಟ್ಟಿಲಲ್ಲಿ ಇಳಿಯಿರಿ. ಲಿಫ್ಟ್ ಬೇಡ’ ಎಂದು ಚೀಟಿಯಲ್ಲಿ ಬರೆದೂ ಕೊಟ್ಟೆ. ಅವರಿಗೂ ಹಿಡಿಸಿತು. ಆದರೆ ಧ್ವನಿಮುದ್ರಣ ಬದಲಿಸಲು ಹೆಡ್ ಆಫೀಸಿನ ಒಪ್ಪಿಗೆ ಬೇಕಂತೆ, ಅದಕ್ಕೆ ಅರ್ಜಿ ಇಂಗ್ಲಿಷಿನಲ್ಲಿರಬೇಕಂತೆ.