ಚಿಲಕ ಒಂದೇ, ಲೆಕ್ಕ ಬೇರೆ: ಬೋಲ್ಟ್ ಆ್ಯಕ್ಷನ್ ರೈಫಲ್‌ಗಳ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಿರೋರಿಗೆ ಒಂದು ಪ್ರಶ್ನೆ. ಪಬ್‌ಜಿ ಆಡಿದ್ದೀರಾ? ಹಾಗಾದ್ರೆ ಕಾರ್98ಕೆ ಗೊತ್ತಿರುತ್ತೆ. ಒಂದು ಗುಂಡು ಹೊಡೆದ ಮೇಲೆ ಕೈ ಮೇಲೆ ಹೋಗುತ್ತೆ, ಹಿಡಿ ಎತ್ತಿ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳುತ್ತೆ, ಆಮೇಲಷ್ಟೇ ಎರಡನೇ ಗುಂಡು. ಆ ಒಂದೂವರೆ ಸೆಕೆಂಡ್‌ನಲ್ಲಿ ಎಷ್ಟು ಸಲ ನಾವು ಸತ್ತಿಲ್ಲ ಹೇಳಿ!

ನಾನು ನಿಜವಾದ ಬೋಲ್ಟ್ ಆ್ಯಕ್ಷನ್ ಮುಟ್ಟಿದ್ದು ಬಿಕಾಂ ಓದುವಾಗ, ಎನ್‌ಸಿಸಿ ಕ್ಯಾಂಪ್‌ನಲ್ಲಿ. ಪಾಯಿಂಟ್ ಟೂ ಟೂ ರೈಫಲ್, ಐದೇ ಗುಂಡು. ಬೋಲ್ಟ್ ಸರಿಯಾಗಿ ಕೂರಿಸದೆ ಟ್ರಿಗರ್ ಒತ್ತಿದೆ, ಏನೂ ಆಗಲಿಲ್ಲ. ಹಿಂದೆ ನಿಂತಿದ್ದ ಹವಾಲ್ದಾರ್ ಸಾಹೇಬ್ರಿಂದ ಚೆನ್ನಾಗಿ ಬೈಸ್ಕೊಂಡೆ. ಅವತ್ತಿಂದ ಈ ಪ್ರಶ್ನೆ ತಲೇಲಿದೆ: ಇದು ಕೆಲಸ ಮಾಡೋದು ಹೇಗೆ? ಎಲ್ಲ ಒಂದೇ ಥರ ಕಾಣೋ ಈ ರೈಫಲ್‌ಗಳಲ್ಲಿ ವ್ಯತ್ಯಾಸ ಏನು?

ಮೊದಲು ಬೇಸಿಕ್. ನಿಮ್ಮ ಅಜ್ಜಿ ಮನೆ ಬಾಗಿಲಿನ ಚಿಲಕ ನೆನಪಿಸಿಕೊಳ್ಳಿ. ಮುಂದೆ ತಳ್ತೀವಿ, ಹಿಡಿ ಕೆಳಗೆ ತಿರುಗಿಸ್ತೀವಿ, ಬಾಗಿಲು ಭದ್ರ. ಬೋಲ್ಟ್ ಅಂದ್ರೂ ಅದೇ. ತೋಟಾ ಸಿಡಿದಾಗ ಗುಂಡನ್ನು ಮುಂದಕ್ಕೆ ದೂಡುವ ಒತ್ತಡ ಹಿಂದಕ್ಕೂ ಒತ್ತುತ್ತೆ. ಹಿಂದೆ ಇರೋದು ಸೈನಿಕನ ಮುಖ. ಅದನ್ನು ತಡೆಯೋದು ಬೋಲ್ಟ್ ಮೇಲಿರುವ ಉಕ್ಕಿನ ಗಟ್ಟಿ ಉಬ್ಬುಗಳು. ಇವಕ್ಕೆ ಲಗ್ ಅಂತಾರೆ. ಈ ಲಗ್ ಎಲ್ಲಿದೆ ಅನ್ನೋದರಿಂದಲೇ ಡಿಸೈನ್‌ಗಳ ಜಗಳ ಶುರು.

ಜರ್ಮನಿಯ ಪೌಲ್ ಮೌಸರ್ 1898ರ ಮಾದರಿಯಲ್ಲಿ ಎರಡು ಲಗ್‌ಗಳನ್ನು ಬೋಲ್ಟ್‌ನ ಮುಂದಿನ ತುದಿಗೆ, ತೋಟಾ ಪಕ್ಕದಲ್ಲೇ ಇಟ್ಟ. ಅವೆರಡೂ ಕೈಕೊಟ್ಟರೆ ಇರಲಿ ಅಂತ ಹಿಂದೆ ಮೂರನೆಯದು. ಒಂಥರಾ ಇನ್ಶೂರೆನ್ಸ್. ಜೊತೆಗೆ ಪಕ್ಕದಲ್ಲಿ ಒಂದು ಉದ್ದನೆಯ ಕೊಕ್ಕೆ. ತೋಟಾ ಮ್ಯಾಗಜೀನ್‌ನಿಂದ ಮೇಲೆ ಬಂದ ಕೂಡಲೇ ಅದರ ಬುಡ ಹಿಡ್ಕೊಳ್ಳುತ್ತೆ, ಖಾಲಿ ಖೋಕಾ ಹೊರಗೆ ಎಸೆಯೋವರೆಗೂ ಬಿಡಲ್ಲ. ಹಾಗಾಗಿ ರೈಫಲ್ ಯಾವ ಕೋನದಲ್ಲಿದ್ರೂ ತೋಟಾ ಜಾರಿ ಬೀಳಲ್ಲ. ಅಮೆರಿಕ ತನ್ನ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನಲ್ಲಿ ಮೌಸರ್ ಐಡಿಯಾಗಳನ್ನು ಬಳಸಿ, ಆಮೇಲೆ ಪೇಟೆಂಟ್‌ಗೆ ದುಡ್ಡು ಕಟ್ಟಬೇಕಾಯ್ತು.

ಬ್ರಿಟಿಷರ ಲೀ-ಎನ್‌ಫೀಲ್ಡ್ ಉಲ್ಟಾ. ನಾವು ತ್ರೀ ನಾಟ್ ತ್ರೀ ಅಂತ ಕರೆಯೋದು ಇದನ್ನೇ. ಅಂದಹಾಗೆ, ರಾಯಲ್ ಎನ್‌ಫೀಲ್ಡ್ ಬೈಕ್ ಹೆಸರಿಗೂ ಇಂಗ್ಲೆಂಡ್‌ನ ಅದೇ ಎನ್‌ಫೀಲ್ಡ್ ಬಂದೂಕು ಕಾರ್ಖಾನೆಯ ನಂಟಿದೆ. ಇದರ ಲಗ್‌ಗಳು ಬೋಲ್ಟ್‌ನ ಹಿಂಭಾಗದಲ್ಲಿವೆ. ಸಿಡಿದಾಗ ಇಡೀ ಬೋಲ್ಟ್ ಕೂದಲೆಳೆಯಷ್ಟು ಅದುಮಿಕೊಳ್ಳುತ್ತೆ. ಗಟ್ಟಿತನದಲ್ಲಿ ಮೌಸರ್‌ಗೆ ಒಂದು ಕೈ ಕಮ್ಮಿ. ಆದ್ರೆ ಲಾಭ ನೋಡಿ. ಮೌಸರ್ ಹಿಡಿಯನ್ನು ಸುಮಾರು 90 ಡಿಗ್ರಿ ಎತ್ತಬೇಕು, ಇದನ್ನು 60 ಸಾಕು. ಎಳೆಯೋ ದೂರವೂ ಕಮ್ಮಿ. ಮೌಸರ್‌ನಲ್ಲಿ ಹಿಡಿ ಎತ್ತುವಾಗಲೇ ಸ್ಪ್ರಿಂಗ್ ಬಿಗಿಯಾಗುತ್ತೆ, ಅಲ್ಲಿ ಬಲ ಬೇಕು. ಲೀಯಲ್ಲಿ ಮುಂದೆ ತಳ್ಳುವಾಗ ಬಿಗಿಯಾಗುತ್ತೆ, ಕೈ ಓಟಕ್ಕೆ ತಡೆಯಿಲ್ಲ. ಮೌಸರ್‌ನಲ್ಲಿ 5 ಗುಂಡು, ಲೀಯಲ್ಲಿ 10. ಪಳಗಿದ ಬ್ರಿಟಿಷ್ ಸೈನಿಕ ನಿಮಿಷಕ್ಕೆ ಗುರಿಯಿಟ್ಟು 15 ಗುಂಡು ಹೊಡೀತಿದ್ದ. 1914ರ ಮೋನ್ಸ್ ಕದನದಲ್ಲಿ ಜರ್ಮನ್ನರು ಎದುರಿಗೆ ಮಷಿನ್ ಗನ್ ಇದೆ ಅಂದ್ಕೊಂಡ್ರು ಅನ್ನೋ ಕಥೆ ಹುಟ್ಟಿದ್ದೇ ಹೀಗೆ.

ಹಾಗಾದ್ರೆ ಹಿಡಿ ತಿರುಗಿಸೋ ಕೆಲಸವೇ ಇಲ್ಲದಿದ್ರೆ? ಸೀದಾ ಹಿಂದೆ, ಸೀದಾ ಮುಂದೆ. ಕೆನಡಾದ ರಾಸ್ ರೈಫಲ್ ಹಾಗೇ ಇತ್ತು. ಶೂಟಿಂಗ್ ರೇಂಜ್‌ನಲ್ಲಿ ಸೂಪರ್, ಗುರಿ ಕರಾರುವಾಕ್ಕು. ಪೇಪರ್ ಮೇಲೆ ಎಲ್ಲರನ್ನೂ ಮೀರಿಸುತ್ತೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಹತ್ತಿರ ಕೆನಡಾ ಹುಡುಗರು ಅದನ್ನು ಹಿಡ್ಕೊಂಡು ಕಂದಕದ ಕೆಸರಲ್ಲಿ ಕೂತಿದ್ರು. ಎದುರಿಂದ ವಿಷಾನಿಲ, ಹಿಂದೆನೇ ಜರ್ಮನ್ ಪಡೆ. ಬೋಲ್ಟ್ ಕಚ್ಚಿಕೊಂಡು ಬಿಡ್ತು. ಬೂಟುಗಾಲಲ್ಲಿ ಒದ್ದು ತೆಗೆಯೋ ಪರಿಸ್ಥಿತಿ. ಎಷ್ಟೋ ಜನ ಸತ್ತುಬಿದ್ದ ಬ್ರಿಟಿಷ್ ಸೈನಿಕರ ಲೀ-ಎನ್‌ಫೀಲ್ಡ್ ಎತ್ತಿಕೊಂಡು, ತಮ್ಮದನ್ನು ಅಲ್ಲೇ ಎಸೆದ್ರು. ಕೆನಡಾದ ಮಂತ್ರಿ ಸ್ಯಾಮ್ ಹ್ಯೂಸ್ ಮಾತ್ರ ರೈಫಲ್ ಚೆನ್ನಾಗೇ ಇದೆ ಅಂತ ವಾದ ಮಾಡ್ತಾನೇ ಇದ್ದರು. ಕೊನೆಗೆ 1916ರಲ್ಲಿ ಅದನ್ನು ಪದಾತಿದಳದಿಂದ ತೆಗೆದ್ರು. ತಮಾಷೆ ಅಂದ್ರೆ, ರೈಫಲನ್ನು ಜೋಪಾನವಾಗಿ ಇಟ್ಟುಕೊಳ್ಳೋ ಸ್ನೈಪರ್‌ಗಳು ಮಾತ್ರ ರಾಸ್ ಬಿಡಲಿಲ್ಲ.

ಇಲ್ಲಿ ನನ್ನ ಕಾಮರ್ಸ್ ಬುದ್ಧಿ ಎದ್ದೇಳುತ್ತೆ. ಪ್ರತಿ ಡಿಸೈನೂ ಒಂದು ಬ್ಯಾಲೆನ್ಸ್ ಶೀಟ್. ಈ ಕಡೆ ಗಟ್ಟಿತನ ಕೂಡಿಸಿದ್ರೆ ಆ ಕಡೆ ವೇಗ ಕಳೀಬೇಕು. ನಯವಾದ ಫಿಟ್ಟಿಂಗ್ ಬೇಕು ಅಂದ್ರೆ ಕೆಸರು ತಡೆಯೋ ಜಾಗ ಹೋಗುತ್ತೆ. ಯಾವುದು ಬೆಸ್ಟ್ ಅನ್ನೋದಕ್ಕಿಂತ, ಯಾರ ಕೈಲಿ, ಯಾವ ನೆಲದಲ್ಲಿ ಅಂತ ಕೇಳಬೇಕು.

ಕೊನೆಯದಾಗಿ ನಮ್ಮ ಕಥೆ. 1962ರಲ್ಲಿ ಚೀನಾ ಎದುರು ನಮ್ಮ ಬಹುಪಾಲು ಸೈನಿಕರ ಕೈಲಿದ್ದಿದ್ದು ತ್ರೀ ನಾಟ್ ತ್ರೀ. ಆಮೇಲೆ ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆ ಅದೇ ಲೀ-ಎನ್‌ಫೀಲ್ಡನ್ನು ಗಟ್ಟಿ ಉಕ್ಕಿನಲ್ಲಿ, 7.62 ತೋಟಾಗೆ ಹೊಂದಿಸಿ ತಯಾರಿಸಿತು. ಪೊಲೀಸರ ಹತ್ತಿರ ಮಾತ್ರ ಹಳೇದು ದಶಕಗಟ್ಟಲೆ ಉಳೀತು. 2008ರ ನವೆಂಬರ್ 26ರ ರಾತ್ರಿ ಮುಂಬೈನ ಸಿಎಸ್‌ಟಿ ಸ್ಟೇಷನ್‌ನಲ್ಲಿ ಎಕೆ-47 ಎದುರು ಕೆಲವು ಪೊಲೀಸರ ಕೈಲಿದ್ದಿದ್ದು ಅದೇ. ಒಂದು ಗುಂಡು, ಹಿಡಿ ಎತ್ತು, ಎಳಿ, ತಳ್ಳು, ಇನ್ನೊಂದು ಗುಂಡು. ಒಳ್ಳೆ ಡಿಸೈನೇ, ಅದರ ಕಾಲ ಮುಗಿದಿತ್ತು ಅಷ್ಟೇ. ಆ ಲೆಕ್ಕ ಮುಚ್ಚಬೇಕಾಗಿದ್ದವರು ಮುಚ್ಚಿರಲಿಲ್ಲ. ಬೆಲೆ ಕಟ್ಟಿದ್ದು ರೈಫಲ್ ಹಿಡಿದವರು.

ಮುಂದಿನ ಸಲ ಗೇಮ್‌ನಲ್ಲಿ ಬೋಲ್ಟ್ ಎಳೆಯುವಾಗ ಈ ಕಥೆ ನೆನಪಾದ್ರೆ ನನ್ನ ಕೆಲಸ ಆಯ್ತು. ಇನ್ನೊಂದು ಎಪಿಸೋಡ್‌ನಲ್ಲಿ ಸಿಗೋಣ. ಅಲ್ಲೀತನಕ ಕೇಳ್ತಾ ಇರಿ.