ತನ್ನ ಗಾಡಿಗೆ ತಾನೇ ಕಳ್ಳ!
ದೋಸ್ತನ ಗ್ಯಾರೇಜಿನಲ್ಲಿ ಲೆಕ್ಕದ ಜಗಳ; ಕಾಯಿದೆ ಹೇಳುವುದೇ ಬೇರೆ

ಬಸವಕಲ್ಯಾಣ: ಪುಣೆ–ಹೈದರಾಬಾದ್ ಹೆದ್ದಾರಿಗೆ ಮೊದಲು 9ನೇ ನಂಬರು ಇತ್ತು, ಈಗ 65. ನಂಬರು ಬದಲಾದರೂ ಸಸ್ತಾಪುರ ಬಂಗ್ಲಾದಿಂದ ಹುಮನಾಬಾದಿನ ತನಕ ರಸ್ತೆ ಬದಿಯ ಗ್ಯಾರೇಜುಗಳ ಒಂದು ಜಗಳ ಮಾತ್ರ ಬದಲಾಗಿಲ್ಲ. ಪಾನಾ ಹಿಡಿದವನೂ ದೋಸ್ತ, ಗಾಡಿ ತಂದವನೂ ದೋಸ್ತ. ಗಾಡಿ ಬಿಡುವಾಗ ಚಹಾ, ಒಯ್ಯುವಾಗ ಬೈಗುಳ!

"ಎಷ್ಟಾಯ್ತದ ಅಣ್ಣಾ?"

"ನಮ್ಮ ನಿಮ್ಮೊಳಗ ಏನ್ ಲೆಕ್ಕ ಬಿಡ್ರಿ. ನೋಡಿ ಕೊಡ್ರಿ."

ಜಗಳದ ಬೀಜ ಬೀಳುವುದು ಇಲ್ಲೇ. ಮಿಸ್ತ್ರಿಯ ಮನಸ್ಸಿನಲ್ಲಿ ಒಂದು ಮೊತ್ತ, ಮಾಲೀಕನ ಮನಸ್ಸಿನಲ್ಲಿ ಇನ್ನೊಂದು. ಬಾಯಿಬಿಟ್ಟು ಹೇಳಲು ಇಬ್ಬರಿಗೂ ಸಂಕೋಚ.

ಹೀಗಂತ ಇಟ್ಟುಕೊಳ್ಳಿ. ಹುಮನಾಬಾದಿನ ಒಬ್ಬ ಕಿರಾಣಿ ಅಂಗಡಿಯವ ತನ್ನ ಹಳೇ ಕಾರಿನ ಕ್ಲಚ್ ಪ್ಲೇಟ್ ಬದಲಿಸಲು ದೋಸ್ತನ ಗ್ಯಾರೇಜಿಗೆ ಬಿಟ್ಟ. 6,000 ರೂಪಾಯಿ ಅಂತ ಬಾಯಿಮಾತು. ಗೇರ್ ಬಾಕ್ಸ್ ಇಳಿಸಿ ನೋಡಿದರೆ ಬೇರಿಂಗ್ ಹೋಗಿದೆ, ಪ್ರೆಶರ್ ಪ್ಲೇಟ್ ಸವೆದಿದೆ. ಹೊಸ ಪ್ಲೇಟ್ ಮಾತ್ರ ಹಾಕಿ ಮುಚ್ಚಿದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಬಿಚ್ಚಬೇಕು, ಮತ್ತೆ ಅಷ್ಟೇ ಕೂಲಿ. ದೋಸ್ತನ ಗಾಡಿ ಅಲ್ಲವೇ? ಮಿಸ್ತ್ರಿ ಕೇಳದೆಯೇ ಎಲ್ಲ ಹಾಕಿದ. ಬಿಲ್ಲು 11,400. ಅದರ ಮೇಲೆ ಹೋದ ವರ್ಷದ ಉಧಾರಿ 2,500.

ಅಂಗಡಿಯವ ಹೌಹಾರಿದ. "ಆರು ಅಂದಿದ್ದಿ, ಆರೇ ಕೊಡ್ತೀನಿ." ಮಿಸ್ತ್ರಿ ಕೀಲಿ ಜೇಬಿಗೆ ಹಾಕಿಕೊಂಡ. "ರೊಕ್ಕ ಇಡು, ಗಾಡಿ ಒಯ್ಯಿ." ಅಂಗಡಿಯವನಿಗೆ ನೆನಪಾದದ್ದು ಮನೆಯಲ್ಲಿದ್ದ ಎರಡನೇ ಕೀಲಿ. ರಾತ್ರಿ ಹೋಗಿ ತಂದರಾಯಿತು. ನನ್ನ ಗಾಡಿ, ನನ್ನ ಕೀಲಿ, ಕೇಳುವವರು ಯಾರು?

ಕೇಳುವವರಿದ್ದಾರೆ!

ಕಳವಿಗೆ ಕೈಗಡಿಯಾರದ ಉದಾಹರಣೆ

1860ರ ಭಾರತೀಯ ದಂಡ ಸಂಹಿತೆಯಲ್ಲಿ ಕಳವು ಎಂದರೇನು ಎಂದು ತಿಳಿಸಲು ಒಂದು ಗಡಿಯಾರದ ಉದಾಹರಣೆ ಇತ್ತು. ರಿಪೇರಿ ಹಣ ಬಾಕಿ ಇರುವಾಗ ರಿಪೇರಿಯವನು ಕಾಯಿದೆ ಪ್ರಕಾರ ಗಡಿಯಾರ ಇಟ್ಟುಕೊಂಡಿದ್ದರೆ, ಆ ಭದ್ರತೆ ತಪ್ಪಿಸುವ ಉದ್ದೇಶದಿಂದ ಮಾಲೀಕ ಅದನ್ನು ಒಯ್ದರೆ ಅದೂ ಕಳವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲೂ ಇದೇ ಉದಾಹರಣೆ ಉಳಿದಿದೆ. ಗಡಿಯಾರದ ಜಾಗದಲ್ಲಿ ಕಾರು ಇಟ್ಟು ನೋಡಿ, ಎರಡನೇ ಕೀಲಿ ಎಲ್ಲಿಗೆ ಒಯ್ಯುತ್ತದೆ ಎಂಬುದು ತಿಳಿಯುತ್ತದೆ.

ಮಿಸ್ತ್ರಿಗೆ ಈ ಹಕ್ಕು ಬಂದದ್ದು 1872ರ ಕರಾರು ಕಾಯಿದೆಯ 170ನೇ ಕಲಮಿನಿಂದ. ಒಂದು ವಸ್ತುವಿನ ಮೇಲೆ ಶ್ರಮವನ್ನೋ ಕೌಶಲ್ಯವನ್ನೋ ಹಾಕಿದವನು, ಬೇರೆ ಕರಾರು ಇಲ್ಲದಿದ್ದರೆ, ಅದರ ತಕ್ಕ ಕೂಲಿ ಸಿಗುವ ತನಕ ವಸ್ತುವನ್ನು ಇಟ್ಟುಕೊಳ್ಳಬಹುದು.

ಹಾಗಂತ ಮಿಸ್ತ್ರಿ ಮೀಸೆ ತಿರುವುವಂತಿಲ್ಲ

ಈ ಹಕ್ಕು ಮಾಡಿದ ಆ ಕೆಲಸಕ್ಕೆ ಮಾತ್ರ. ಹೋದ ವರ್ಷದ 2,500ಕ್ಕಾಗಿ ಈ ವರ್ಷ ಗಾಡಿ ತಡೆಹಿಡಿಯಲು ಬರುವುದಿಲ್ಲ. ಹಳೇ ಬಾಕಿಗೂ ಮಾಲು ಹಿಡಿದಿಡುವ ಹಕ್ಕು 171ನೇ ಕಲಮಿನಲ್ಲಿ ಬ್ಯಾಂಕು ಮುಂತಾದ ಕೆಲವರಿಗೆ ಉಂಟು; ಆ ಪಟ್ಟಿಯಲ್ಲಿ ಗ್ಯಾರೇಜ್ ಇಲ್ಲ.

"ಗಾಡಿ ಒಯ್ಯಿ, ಮೂರು ತಿಂಗಳಲ್ಲಿ ಕೊಡು" ಎಂದು ಮೊದಲೇ ಮಾತು ಕೊಟ್ಟಿದ್ದರೂ ತಡೆಯುವಂತಿಲ್ಲ. ಕಾಯಿದೆಯಲ್ಲೇ ಕೋಟು ಹೊಲಿದ ದರ್ಜಿಯ ಉದಾಹರಣೆ ಇದೆ: ಮೂರು ತಿಂಗಳ ಉಧಾರಿಗೆ ಒಪ್ಪಿದ ದರ್ಜಿ ಕೋಟು ಇಟ್ಟುಕೊಳ್ಳಲಾರ. ಇನ್ನು ಇಟ್ಟುಕೊಂಡ ಗಾಡಿಯನ್ನು ಮಿಸ್ತ್ರಿ ಓಡಿಸಿಕೊಂಡು ತಿರುಗುವಂತಿಲ್ಲ, ಮಾರುವಂತಿಲ್ಲ, ತನ್ನ ಸ್ವಂತ ಮಾಲಿನಂತೆ ಜೋಪಾನ ಮಾಡಬೇಕು. ಒಮ್ಮೆ ಗಾಡಿ ಕೈಬಿಟ್ಟರೆ ತಡೆಯುವ ಹಕ್ಕೂ ಹೋಯಿತು. ಬಾಕಿ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ.

ಅದಕ್ಕೂ ಅವಧಿ ಇದೆ. ಹಣ ಕೊಡುವ ದಿನ ಗೊತ್ತುಮಾಡದಿದ್ದರೆ ಕೆಲಸ ಮುಗಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. "ದೋಸ್ತ ಅದಾನ, ಕೊಡ್ತಾನ" ಎಂದು ನಾಲ್ಕು ವರ್ಷ ಕಾದವನ ಕೈಗೆ ಬರುವುದು ಗೋಡೆಯ ಮೇಲಿನ ಸೀಮೆಸುಣ್ಣದ ಲೆಕ್ಕ ಮಾತ್ರ. ಅವಧಿಯೊಳಗೆ ಬಾಕಿದಾರನಿಂದ "ಇಷ್ಟು ಬಾಕಿ ಇದೆ" ಎಂದು ಸಹಿ ಹಾಕಿಸಿಕೊಂಡರೆ ಆ ದಿನದಿಂದ ಹೊಸ ಎಣಿಕೆ ಶುರು.

ಹೋಗುವುದೆಲ್ಲಿ?

ಗಾಡಿ ತುರ್ತಾಗಿ ಬೇಕಿದ್ದರೆ ಬಿಲ್ಲಿನ ಮೇಲೆ "ತಕರಾರು ಇಟ್ಟು ಹಣ ಕೊಟ್ಟಿದ್ದೇನೆ" ಎಂದು ಬರೆದು, ಹಣ ಕೊಟ್ಟು, ರಸೀದಿ ಪಡೆದು ಗಾಡಿ ತರುವುದು ಜಾಣತನ. ಕೆಲಸ ಕೆಟ್ಟಿದ್ದರೆ ಬೀದರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ ದೋಸ್ತಿಗಾಗಿ ಪುಕ್ಕಟೆ ಮಾಡಿಸಿಕೊಂಡ ಕೆಲಸಕ್ಕೆ ಅಲ್ಲಿ ದೂರು ನಡೆಯದು.

ಇದಕ್ಕಿಂತ ಹತ್ತಿರದ ದಾರಿ ತಾಲೂಕು ಕಾನೂನು ಸೇವಾ ಸಮಿತಿಯ ಲೋಕ ಅದಾಲತ್. ಅಲ್ಲಿ ಸೋತವನೂ ಇಲ್ಲ, ಗೆದ್ದವನೂ ಇಲ್ಲ. ಇಬ್ಬರೂ ಒಪ್ಪಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ; ಅದರ ಮೇಲೆ ಅಪೀಲಿಲ್ಲ. ನಾಳೆ ಮತ್ತೆ ಒಂದೇ ಬಸ್ ಸ್ಟ್ಯಾಂಡಿನಲ್ಲಿ ಮುಖ ನೋಡಬೇಕಾದವರಿಗೆ ಇದೇ ಲೇಸು.

ಒಂದು ಚೀಟಿಯ ಬೆಲೆ

ಇಷ್ಟೆಲ್ಲ ರಾಮಾಯಣ ತಪ್ಪಿಸಲು ಬೇಕಾದದ್ದು ಒಂದು ಚೀಟಿ. ಏನು ಕೆಲಸ, ಸಾಮಾನು ಎಷ್ಟು, ಕೂಲಿ ಎಷ್ಟು, ಯಾವತ್ತು ಕೊಡುವುದು. ನಾಲ್ಕು ಸಾಲು ಸಾಕು. ಬಿಚ್ಚಿದ ಮೇಲೆ ಹೊಸ ಖರ್ಚು ಕಂಡರೆ ಒಂದು ಫೋನು: "ಇಷ್ಟು ಹೆಚ್ಚಾಯ್ತದ, ಹಾಕ್ಲಾ ಬಿಡ್ಲಾ?" ತೆಗೆದ ಹಳೇ ಸಾಮಾನು ಗಾಡಿಯಲ್ಲೇ ಇಟ್ಟು ತೋರಿಸಿದರೆ ಅನುಮಾನಕ್ಕೆ ಜಾಗವಿಲ್ಲ. ಹಳೇ ಉಧಾರಿಗೆ ಬೇರೆ ಹಾಳೆ, ಬೇರೆ ವಾಯಿದೆ. ನಮ್ಮ ಕಿರಾಣಿಯವ ಮತ್ತು ಮಿಸ್ತ್ರಿ ಹೀಗೆ ಮಾಡಿದ್ದರೆ 11,400 ಆಗ ಕೆಲಸದ ಬೆಲೆ ಅನ್ನಿಸುತ್ತಿತ್ತು, ದೋಸ್ತನ ಮೋಸ ಅನ್ನಿಸುತ್ತಿರಲಿಲ್ಲ.

ಮಿಸ್ತ್ರಿಯ ಪಾಡೂ ನೋಡಬೇಕು. ಸಾಮಾನಿನ ಅಂಗಡಿಯವ ಅವನಿಗೆ ದೋಸ್ತಿ ಮೇಲೆ ಬೇರಿಂಗ್ ಕೊಡುವುದಿಲ್ಲ, ಲೇಥಿನವ ಪುಕ್ಕಟೆ ತಿರುಗಿಸುವುದಿಲ್ಲ, ಹುಡುಗರಿಗೆ ವಾರದ ಪಗಾರ ನಿಲ್ಲುವುದಿಲ್ಲ. ತನ್ನ ಅಂಗಡಿಯಲ್ಲಿ "ಇಂದು ನಗದು ನಾಳೆ ಉಧಾರಿ" ಎಂಬ ಬೋರ್ಡು ತೂಗುಹಾಕಿದ ಶೆಟ್ಟರು ಗ್ಯಾರೇಜಿನಲ್ಲಿ ಮಾತ್ರ ದೋಸ್ತಿ ಲೆಕ್ಕ ತೆಗೆಯುವುದು ಯಾವ ನ್ಯಾಯ?

ಕಾಯಕಕ್ಕೆ ಹೆಸರಾದ ಕಲ್ಯಾಣ ಇದು. ಆಯ್ದಕ್ಕಿ ಮಾರಯ್ಯ ದಿನದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ತಿರುಗಿ ಸುರಿದು ಬಾ ಎಂದು ಕಳಿಸಿದ ಕಥೆ ಈ ಊರಿನ ಮಕ್ಕಳಿಗೂ ಗೊತ್ತು. ದುಡಿದದ್ದಕ್ಕಿಂತ ಹೆಚ್ಚು ಬೇಡ ಎಂದಳು ಆಕೆ. ದುಡಿದದ್ದನ್ನೇ ಬಿಡು ಎನ್ನಲಿಲ್ಲ. ಮಿಸ್ತ್ರಿಗೆ ಮೊದಲ ಮಾತು, ಮಾಲೀಕನಿಗೆ ಎರಡನೆಯದು.